ಪಕ್ಕದ ಮನೆಯಲ್ಲಿ ಹೊಡೆತ ಬೀಳುತ್ತಿದೆ, ನಾವು ಏನು ಮಾಡಬಹುದು?

ಕಡಲಗಾಳಿ:
ಎಲ್ಲರಿಗೂ ನಮಸ್ಕಾರ. ನಮ್ಮದು ಅಂಕೋಲೆ ಕಡೆಯ ಒಂದು ಕೇರಿ. ಪಕ್ಕದ ಮನೆಗೆ ಮದುವೆಯಾಗಿ ಬಂದ ಹುಡುಗಿಯ ವಿಷಯ ಇದು. ಅವಳು ಘಟ್ಟದ ಮೇಲಿನವಳು, ತವರು ಶಿರಸಿ ಹತ್ತಿರ. ಚಿಕ್ಕ ಮಗು ಇದೆ. ಗಂಡ ಬೋಟಿಗೆ ಹೋಗುತ್ತಾನೆ. ಜೂನ್ 1ರಿಂದ ಜುಲೈ 31ರವರೆಗೆ ಬೋಟು ಬಂದ್ ಅಲ್ವಾ, ಹಾಗಾಗಿ ಈಗ ಹಗಲು ರಾತ್ರಿ ಮನೆಯಲ್ಲೇ ಇರುತ್ತಾನೆ. ಮೊದಲೂ ಕೂಗಾಟ ಇತ್ತು. ಈ ಮಳೆಗಾಲ ಜಾಸ್ತಿಯಾಗಿದೆ.

ನಿನ್ನೆ ಬೆಳಿಗ್ಗೆ ಕರಿಬೇವು ಕೇಳಲು ಬಂದಳು. ಈ ಸೆಕೆಯಲ್ಲಿ ಸೆರಗನ್ನು ಕುತ್ತಿಗೆಗೆ ಎರಡು ಸುತ್ತು ಸುತ್ತಿಕೊಂಡಿದ್ದಳು. ದನಿ ಒಡೆದಿತ್ತು. "ಥಂಡಿಯಾಗಿದೆ ಅಕ್ಕಾ" ಅಂದಳು. ಕರಿಬೇವು ಕೊಯ್ಯಲು ಕೈ ಎತ್ತಿದಾಗ ಸೆರಗು ಸರಿಯಿತು. ಕಿವಿಯ ಕೆಳಗೆ ಬೆರಳಿನ ಗುರುತು ಇತ್ತು. ನಾನು ಏನೂ ಕೇಳಲಿಲ್ಲ. ಅವಳೇ ಹೋಗುವಾಗ "ಯಾರಿಗೂ ಹೇಳಬೇಡಿ, ಇಲ್ಲಾಂದ್ರೆ ಇನ್ನೂ ಜಾಸ್ತಿ ಮಾಡ್ತಾರೆ" ಅಂದಳು.

ಸುಮ್ಮನಿರಲು ಮನಸ್ಸು ಒಪ್ಪುತ್ತಿಲ್ಲ. ನಾವು ಹೋಗಿ ಗಂಡನಿಗೆ ಬೈದರೆ ಅದು ಅವಳ ಮೈಮೇಲೆಯೇ ಬೀಳುತ್ತದೆ ಅನ್ನುವ ಹೆದರಿಕೆಯೂ ಇದೆ. ಗೊತ್ತಿದ್ದವರು ಹೇಳಿ.

ಕುಮಟಾ ನರ್ಸ್:
ಅಕ್ಕಾ, ಉಳಿದ ಮಾತು ಆಮೇಲೆ. ಮೊದಲು ಕುತ್ತಿಗೆ.

ಕುತ್ತಿಗೆ ಹಿಸುಕಿದ್ದನ್ನು ಕೆನ್ನೆಗೆ ಹೊಡೆದ ಲೆಕ್ಕಕ್ಕೆ ಸೇರಿಸಬೇಡಿ. ಹೊರಗೆ ಗುರುತೇ ಇಲ್ಲದಿದ್ದರೂ ಒಳಗೆ ರಕ್ತನಾಳಕ್ಕೆ ಪೆಟ್ಟಾಗಿರಬಹುದು, ಊತ ನಿಧಾನಕ್ಕೆ ಏರಬಹುದು. ಒಂದೆರಡು ದಿನ ಬಿಟ್ಟು ಪಾರ್ಶ್ವವಾಯು ಬಡಿದದ್ದೂ, ಜೀವ ಹೋದದ್ದೂ ಇದೆ. ದನಿ ಒಡೆದಿದೆ ಅಂದಿರಿ. ನುಂಗಲು ಕಷ್ಟವಾಗುತ್ತಿದೆಯಾ, ಕಣ್ಣಲ್ಲಿ ಕೆಂಪು ಚುಕ್ಕೆ ಇದೆಯಾ, ಆ ಹೊತ್ತಿನಲ್ಲಿ ಎಚ್ಚರ ತಪ್ಪಿತ್ತಾ, ಅರಿವಿಲ್ಲದೆ ಮೂತ್ರ ಹೋಗಿತ್ತಾ, ಮೆಲ್ಲಗೆ ಕೇಳಿ. ಇವುಗಳಲ್ಲಿ ಒಂದು ಇದ್ದರೂ ಇವತ್ತೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಏನೂ ಇಲ್ಲ ಅಂದರೂ ಡಾಕ್ಟರಿಗೆ ತೋರಿಸಲೇಬೇಕು. "ಗಂಟಲು ನೋವು" ಅಂತ ಹೇಳಿ ಮನೆಯಿಂದ ಹೊರಡಬಹುದು. ಅದು ಸುಳ್ಳೂ ಅಲ್ಲ.

ಇನ್ನೊಂದು ಮಾತು. ಒಮ್ಮೆ ಕುತ್ತಿಗೆಗೆ ಕೈ ಹಾಕಿದವನು ಮುಂದೆ ಕೊಂದೇಬಿಡುವ ಸಾಧ್ಯತೆ ಬೇರೆಯವರಿಗಿಂತ ಎಷ್ಟೋ ಪಟ್ಟು ಹೆಚ್ಚು. ಕೊಲ್ಲುತ್ತೇನೆ ಅನ್ನುವುದು, ಕತ್ತಿ ತೋರಿಸುವುದು, ಬಸುರಿಯಾಗಿದ್ದಾಗ ಹೊಡೆಯುವುದು, ಇವೂ ಅದೇ ಸಾಲಿನವು. ಎಲ್ಲಕ್ಕಿಂತ ಅಪಾಯದ ಹೊತ್ತು ಅವಳು ಬಿಟ್ಟು ಹೊರಡುವ ಹೊತ್ತು. ಆದ್ದರಿಂದ "ಇವತ್ತೇ ಹೊರಟು ಬಾ" ಅಂತ ಅವಸರ ಮಾಡಬೇಡಿ. ಹಾಗಂತ "ಸುಧಾರಿಸಿಕೊಂಡು ಹೋಗು" ಅಂತಲೂ ಅನ್ನಬೇಡಿ.

ಆಸ್ಪತ್ರೆಗೆ ಬಂದವರಲ್ಲಿ ಮುಕ್ಕಾಲು ಮಂದಿ "ಬಾವಿಕಟ್ಟೆಯಲ್ಲಿ ಜಾರಿ ಬಿದ್ದೆ" ಅನ್ನುತ್ತಾರೆ. ಗಂಡನೋ ಅತ್ತೆಯೋ ಪಕ್ಕದಲ್ಲೇ ನಿಂತಿರುತ್ತಾರಲ್ಲ, ಮತ್ತೇನು ಹೇಳಿಯಾರು. ನೀವು ಜೊತೆಗೆ ಹೋದರೆ ಡಾಕ್ಟರ್ ಹತ್ತಿರ ಅವಳು ಒಬ್ಬಳೇ ಮಾತಾಡುವ ಹಾಗೆ ನೋಡಿಕೊಳ್ಳಿ. ಯಾರು ಏನು ಮಾಡಿದರು ಅನ್ನುವುದು ಅವಳ ಮಾತಿನಲ್ಲೇ ಚೀಟಿಯಲ್ಲಿ ದಾಖಲಾಗಲಿ. ಕೇಸ್ ಹಾಕುವುದು ಬಿಡುವುದು ಮುಂದಿನ ಮಾತು. ಆ ಕಾಗದ ಮುಂದೆಂದಾದರೂ ಬೇಕಾಗುತ್ತದೆ.

ಅಡಿಕೆತೋಟ:
ಗಂಡ ಹೆಂಡತಿ ಜಗಳ ಉಂಡು ಮಲಗುವ ತನಕ. ಹೊರಗಿನವರು ನಡುವೆ ಹೋದರೆ ಸಂಸಾರ ಒಡೆಯುತ್ತದೆ. ಮೊದಲು ಹಿರಿಯರನ್ನು ಕೂರಿಸಿ ಮಾತಾಡಿಸಿ. ನಮ್ಮ ಕಾಲದಲ್ಲಿ ಹೀಗೇ ಎಷ್ಟೋ ಮನೆ ಸರಿಹೋಗಿವೆ.

ಮೀನುಬುಟ್ಟಿ:
ಭಾವಾ, ಉಂಡು ಮಲಗಿದ ಮೇಲೆಯೇ ಅವಳ ಕುತ್ತಿಗೆ ಹಿಸುಕಿದ್ದು.

ಹಿರಿಯರನ್ನು ಕೂರಿಸುವುದನ್ನು ನಾನೂ ಕಂಡಿದ್ದೇನೆ. ನಮ್ಮ ಕೇರಿಯಲ್ಲಿ ಬುದವಂತರ (ಕೇರಿಯ ಮುಖ್ಯಸ್ಥರ) ಮುಂದೆ ಗಂಡ ತಲೆ ತಗ್ಗಿಸಿ "ಇನ್ನು ಹೀಗೆ ಮಾಡುವುದಿಲ್ಲ" ಅನ್ನುತ್ತಾನೆ. ತೆಂಗಿನಕಾಯಿ ಮುಟ್ಟಿ ಆಣೆಯನ್ನೂ ಮಾಡುತ್ತಾನೆ. ಎಲ್ಲರೂ ಚಹಾ ಕುಡಿದು ಎದ್ದು ಹೋಗುತ್ತಾರೆ. ಆಮೇಲೆ ಬಾಗಿಲು ಹಾಕಿಕೊಂಡು "ನನ್ನ ಮಾನ ತೆಗೆದೆಯಲ್ಲಾ" ಅಂತ ಹೊಡೆತ. ಆ ಪಂಚಾಯ್ತಿಯಲ್ಲಿ ಹೆಂಗಸನ್ನು ಗಂಡನ ಎದುರಿಗೇ ಕೂರಿಸಿ "ಹೇಳವ್ವಾ, ಏನಾಯ್ತು" ಅಂದರೆ ಅವಳು ಏನು ಹೇಳಿಯಾಳು?

ಕುಡಿತದ ಮಾತೂ ಬಂದೇ ಬರುತ್ತದೆ, ಈಗಲೇ ಹೇಳಿಬಿಡುತ್ತೇನೆ. ಕುಡಿತದಿಂದ ಹೊಡೆತ ಹೆಚ್ಚಾಗುತ್ತದೆ, ಸುಳ್ಳಲ್ಲ. ನಮ್ಮ ಅಂಕೋಲೆಯ ಜನಪದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರು ಬಡಗೇರಿಯಲ್ಲಿ ಹೆಂಗಸರನ್ನು ಕಟ್ಟಿಕೊಂಡು ಸಾರಾಯಿ ವಿರುದ್ಧ ನಿಂತದ್ದು ಸುಮ್ಮನೆ ಅಲ್ಲ. 2017ರಲ್ಲಿ ಪದ್ಮಶ್ರೀ ಬಂದದ್ದು ಹಾಡಿಗೆ ಅನ್ನುತ್ತಾರೆ, ನನ್ನ ಲೆಕ್ಕದಲ್ಲಿ ಆ ಹೋರಾಟಕ್ಕೂ ಸೇರಿ. ಆದರೆ ಒಂದು ಕೇಳುತ್ತೇನೆ. ಎಷ್ಟೇ ಕುಡಿದಿದ್ದರೂ ಇವನು ಬೋಟು ನಡೆಸುವ ತಾಂಡೇಲನಿಗೆ ಕೈ ಎತ್ತುತ್ತಾನಾ? ಇಲ್ಲ. ಮನೆಗೆ ಬಂದ ಮೇಲೆಯೇ ಕೈ ಏಳುತ್ತದೆ. ಎಲ್ಲಿ ಎತ್ತಬಹುದು ಅನ್ನುವ ಲೆಕ್ಕ ಕುಡಿದಾಗಲೂ ತಪ್ಪುವುದಿಲ್ಲ.

ಕಾರವಾರಿಗ 66:
ಯಾವ ಕೇರಿ ಅಂತ ಹೇಳಿ, ನಮ್ಮ ಸಂಘದ ಹುಡುಗರು ನಾಲ್ಕು ಜನ ಬಂದು ಬುದ್ಧಿ ಕಲಿಸುತ್ತೇವೆ.

ನಿರ್ವಾಹಕರು:
ಊರು, ಹೆಸರು, ಬೋಟಿನ ಹೆಸರು ಯಾವುದನ್ನೂ ಇಲ್ಲಿ ಕೇಳಬೇಡಿ, ಹೇಳಬೇಡಿ. ನಮ್ಮ ಕರಾವಳಿಯಲ್ಲಿ ಎರಡು ಸುಳಿವು ಸಿಕ್ಕರೆ ಮೂರನೆಯ ಮನೆಗೆ ಗೊತ್ತಾಗುತ್ತದೆ. ನಾಲ್ಕು ಜನ ಹೋಗಿ ಹೊಡೆಯುವ ಮಾತನ್ನೂ ಇಲ್ಲಿಗೇ ನಿಲ್ಲಿಸಿ.

ಶಿರಸಿ ವಕೀಲೆ:
ಕಾನೂನಿನ ಕಡೆಯಿಂದ ನಾನು ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಬೇಸರ ಮಾಡಬೇಡಿ.

ಜನರಿಗೆ ಗೊತ್ತಿರುವುದು ಒಂದೇ ದಾರಿ, ಪೊಲೀಸ್ ಕಂಪ್ಲೇಂಟ್. ಗಂಡ ಜೈಲಿಗೆ ಹೋಗುತ್ತಾನೆ, ಮನೆ ನಡೆಯುವುದು ಹೇಗೆ ಅಂತ ಹೆದರಿ ಎಷ್ಟೋ ಹೆಂಗಸರು ಸುಮ್ಮನಾಗುತ್ತಾರೆ. ಆದರೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ದಾರಿ ಬೇರೆ. ಅರ್ಜಿ ಹಾಕಿದ ಕೂಡಲೇ ಯಾರನ್ನೂ ಬಂಧಿಸುವುದಿಲ್ಲ. "ಇವಳ ಮೈಮುಟ್ಟಬಾರದು, ಕೆಲಸದ ಜಾಗಕ್ಕೆ ಹೋಗಬಾರದು, ಮನೆಯಿಂದ ಹೊರಹಾಕಬಾರದು, ತಿಂಗಳಿಗೆ ಇಷ್ಟು ಹಣ ಕೊಡಬೇಕು" ಅಂತ ಮ್ಯಾಜಿಸ್ಟ್ರೇಟರು ಆದೇಶ ಮಾಡುತ್ತಾರೆ. ಆ ರಕ್ಷಣಾ ಆದೇಶವನ್ನು ಮೀರಿದರೆ ಮಾತ್ರ ಅಪರಾಧ: 1 ವರ್ಷದವರೆಗೆ ಜೈಲು, ಅಥವಾ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಎಲ್ಲಿಗೆ ಹೋಗಬೇಕು? ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ. ಅಂಗನವಾಡಿಗಳನ್ನು ನೋಡಿಕೊಳ್ಳುವ ಅದೇ ಕಚೇರಿ. ಕರ್ನಾಟಕದಲ್ಲಿ ಸಿಡಿಪಿಒ ಅವರೇ ಈ ಕಾಯ್ದೆಯ ಸಂರಕ್ಷಣಾಧಿಕಾರಿ. ನಡೆದದ್ದನ್ನು ಒಂದು ನಮೂನೆಯಲ್ಲಿ ಬರೆದುಕೊಂಡು ಕೋರ್ಟಿಗೆ ಕಳಿಸುವುದು ಅವರ ಕೆಲಸ. ಅಂಗನವಾಡಿ ಟೀಚರ್ ಪರಿಚಯ ಇದ್ದರೆ ಅವರ ಮೂಲಕವೇ ಹೋಗಬಹುದು. ಗಂಡನಿಗೂ ಅನುಮಾನ ಬರುವುದಿಲ್ಲ.

ಈ ಹುಡುಗಿಗೆ ಉಪಯೋಗವಾಗುವ ಮಾತು ಇನ್ನೊಂದಿದೆ. ಅವಳು ತವರಿಗೆ ಬಂದು ಇದ್ದರೆ ಶಿರಸಿ ಕೋರ್ಟಿನಲ್ಲೇ ಅರ್ಜಿ ಹಾಕಬಹುದು. ತಾತ್ಕಾಲಿಕವಾಗಿ ಇದ್ದರೂ ಸಾಕು, ದಿನಾ ದೇವಿಮನೆ ಘಟ್ಟ ಇಳಿದು ಹತ್ತಬೇಕಾಗಿಲ್ಲ. ಮನೆ ಅತ್ತೆ ಮಾವನ ಹೆಸರಿನಲ್ಲಿದೆ, ನಿನಗೆ ಇಲ್ಲಿ ಹಕ್ಕಿಲ್ಲ ಅನ್ನುವ ಮಾತನ್ನೂ ನಂಬಬೇಡಿ. ಸಂಸಾರ ಮಾಡಿಕೊಂಡಿದ್ದ ಮನೆ ಅತ್ತೆ ಮಾವನ ಹೆಸರಿನಲ್ಲಿದ್ದರೂ ಸೊಸೆ ಅಲ್ಲಿ ವಾಸದ ಹಕ್ಕು ಕೇಳಬಹುದು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ.

ವಕೀಲರ ಫೀಸಿಗೆ ದುಡ್ಡಿಲ್ಲ ಅನ್ನುವುದೂ ಅಡ್ಡಿಯಲ್ಲ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಇದೆ. ತಾಲ್ಲೂಕು ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ. ಫೋನಾದರೆ 15100.

ಕಾಯ್ದೆ ಪ್ರಕಾರ ಮೊದಲ ವಿಚಾರಣೆ 3 ದಿನದೊಳಗೆ, ಅರ್ಜಿ ಮುಗಿಯುವುದು 60 ದಿನದೊಳಗೆ. ಇದನ್ನು ಓದಿ ನಗಬೇಡಿ. ಪುಸ್ತಕದಲ್ಲಿ ಹಾಗಿದೆ, ಕೋರ್ಟಿನಲ್ಲಿ ಅಷ್ಟು ಬೇಗ ಆಗುವುದು ಕಡಿಮೆ. ಆದರೆ ಮಧ್ಯಂತರ ಆದೇಶವನ್ನು ಮೊದಲ ದಿನವೇ ಕೇಳಬಹುದು, ಅಪಾಯ ಕಂಡರೆ ಗಂಡ ಬರುವ ಮೊದಲೇ ಕೊಡಲೂಬಹುದು. ಕುತ್ತಿಗೆಯ ಗುರುತು ದಾಖಲಾದ ಆಸ್ಪತ್ರೆಯ ಚೀಟಿ ಆಗ ಕೆಲಸಕ್ಕೆ ಬರುತ್ತದೆ.

ಕಾರವಾರಿಗ 66:
ಎಲ್ಲ ಸರಿ, ಸುಳ್ಳು ಕೇಸ್ ಹಾಕುವವರೂ ಇದ್ದಾರಲ್ಲ? ಗಂಡನ ಮನೆಯವರ ಕಿರುಕುಳದ ಕೇಸ್, ಆ 498ಎ ಅಂದ ಕೂಡಲೇ ಮುದಿ ತಂದೆ ತಾಯಿಯನ್ನೂ ಎಳೆದುಕೊಂಡು ಹೋಗುತ್ತಾರೆ.

ಶಿರಸಿ ವಕೀಲೆ:
498ಎ ಈಗ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ ಆಗಿದೆ, 2024ರ ಜುಲೈ 1ರಿಂದ. ಸುಮ್ಮನೆ ಎಳೆದುಕೊಂಡು ಹೋಗುವುದಕ್ಕೆ 2014ರಲ್ಲೇ ಸುಪ್ರೀಂ ಕೋರ್ಟ್ ಕಡಿವಾಣ ಹಾಕಿದೆ. ಬಂಧನ ಯಾಕೆ ಬೇಕು ಅಂತ ಪೊಲೀಸರು ಕಾರಣ ಬರೆಯಬೇಕು, ಇಲ್ಲದಿದ್ದರೆ ನೋಟಿಸ್ ಕೊಟ್ಟು ಕರೆಸಬೇಕು. ಸುಳ್ಳು ಕೇಸ್ ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 5ನೇ ಸುತ್ತಿನಲ್ಲಿ, ನಮ್ಮ ರಾಜ್ಯದ 18ರಿಂದ 49 ವಯಸ್ಸಿನ ಮದುವೆಯಾದ ಹೆಂಗಸರಲ್ಲಿ ಶೇ. 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಅಂದಿದ್ದಾರೆ. ಅವರಲ್ಲಿ ಎಷ್ಟು ಜನ ಠಾಣೆ ಮೆಟ್ಟಿಲು ಹತ್ತಿದ್ದನ್ನು ನೀವು ನೋಡಿದ್ದೀರಿ? ಇಲ್ಲಿ ಒಬ್ಬಳ ಕುತ್ತಿಗೆಯ ವಿಷಯ ನಡೆಯುತ್ತಿದೆ. ನಿಮ್ಮ ಚರ್ಚೆಗೆ ಬೇರೆ ಎಳೆ ತೆರೆಯಿರಿ, ಅಲ್ಲಿಗೂ ಬರುತ್ತೇನೆ.

ಹೆಸರು ಬೇಡ:
ನಾನು ಇಂಥದ್ದರಿಂದ ಹೊರಗೆ ಬಂದವಳು. ಈಗ ಘಟ್ಟದ ಮೇಲಿನ ಒಂದು ಊರಿನಲ್ಲಿ ಹೊಲಿಗೆ ಮಾಡಿಕೊಂಡು ಮಕ್ಕಳ ಜೊತೆ ಇದ್ದೇನೆ.

ಕಡಲಗಾಳಿ ಅಕ್ಕಾ, ನೀವು ಅವಳಿಗೆ ಏನು ಹೇಳಬೇಕು ಅಂತ ಯೋಚಿಸುತ್ತಿರಬಹುದು. ನನಗೆ ಉಪಯೋಗವಾದದ್ದು ನನ್ನ ಮಗಳ ಶಾಲೆಯ ಅಕ್ಕೋರು ಆಡಿದ ಮಾತು. "ನಿನ್ನ ತಪ್ಪು ಇಲ್ಲ. ಏನು ಮಾಡಬೇಕು ಅಂತ ನೀನೇ ಹೇಳು, ನಾನು ಇದ್ದೇನೆ" ಅಂದರು. ಗಂಡನಿಗೆ ಬೈಯಲೂ ಇಲ್ಲ. ಬೈದಿದ್ದರೆ ನಾನು ಗಂಡನ ಪರವಾಗಿಯೇ ಮಾತಾಡುತ್ತಿದ್ದೆ ಅಂತ ಈಗ ಅನಿಸುತ್ತದೆ. ನಡುವೆ ಎರಡು ಸಲ ಬಿಟ್ಟು ಬಂದು ಮತ್ತೆ ಅಲ್ಲಿಗೇ ಹೋದೆ. ಅಕ್ಕೋರು ಮುಖ ತಿರುಗಿಸಲಿಲ್ಲ.

ನನ್ನ ಕಾಗದಪತ್ರ ಎಲ್ಲ ಆ ಅಕ್ಕೋರ ಮನೆಯ ಅಕ್ಕಿ ಡ್ರಮ್ಮಿನಲ್ಲಿ ಇದ್ದವು. ಆಧಾರ್, ರೇಷನ್ ಕಾರ್ಡಿನ ಜೆರಾಕ್ಸ್, ಬ್ಯಾಂಕ್ ಪಾಸ್‌ಬುಕ್, ಮಕ್ಕಳ ಜನನ ಪ್ರಮಾಣಪತ್ರ, ಆಸ್ಪತ್ರೆಯ ಚೀಟಿ. ಮದುವೆ ರಿಜಿಸ್ಟರ್ ಆಗಿರಲಿಲ್ಲ, ಅದಕ್ಕೆ ಮದುವೆಯ ಕರೆಯೋಲೆ ಮತ್ತು ನಾಲ್ಕು ಫೋಟೋ. ಕೋರ್ಟಿನಲ್ಲಿ ಆ ಕರೆಯೋಲೆಯೇ ಕೈಹಿಡಿಯಿತು. ಜೊತೆಗೆ ಒಂದು ಜೊತೆ ಬಟ್ಟೆ, ಮನೆಯ ಇನ್ನೊಂದು ಕೀಲಿ, ಸ್ವಲ್ಪ ಹಣ. ಗೃಹಲಕ್ಷ್ಮಿಯ ದುಡ್ಡು ಬರುವ ಖಾತೆಯ ಎಟಿಎಂ ಕಾರ್ಡ್ ಗಂಡನ ಜೇಬಿನಲ್ಲಿ ಇದ್ದರೆ ಬ್ಯಾಂಕಿಗೆ ಹೋಗಿ ಪಿನ್ ಬದಲಿಸಿಕೊಳ್ಳಲಿ, ಆದರೆ ಹೊರಡುವ ಹೊತ್ತಿಗೆ. ಮೊದಲೇ ಬದಲಿಸಿದರೆ ಗೊತ್ತಾಗಿಬಿಡುತ್ತದೆ. ಬಸ್ ಚಾರ್ಜಿನ ಚಿಂತೆ ಈಗಿಲ್ಲ, ಸರ್ಕಾರಿ ಬಸ್ಸಿಗೆ ಆಧಾರ್ ತೋರಿಸಿದರೆ ಸಾಕು. ನನ್ನ ಕಾಲಕ್ಕೆ ಅದೂ ಇರಲಿಲ್ಲ.

ಫೋನಿನ ವಿಷಯದಲ್ಲಿ ಹುಷಾರು. ಅವಳ ವಾಟ್ಸ್‌ಆ್ಯಪ್ ಗಂಡನ ಕಂಪ್ಯೂಟರಿನಲ್ಲೋ ಇನ್ನೊಂದು ಫೋನಿನಲ್ಲೋ ತೆರೆದಿರಬಹುದು. ಲೊಕೇಶನ್ ಹಂಚಿಕೆ ಆನ್ ಇರಬಹುದು. ಈ ಎಳೆಯ ಲಿಂಕನ್ನು ಅವಳಿಗೆ ಕಳಿಸಬೇಡಿ. ಬಾಯಲ್ಲೇ ಹೇಳಿ.

ಕಡಲಗಾಳಿ:
ಓದಿ ಕಣ್ಣು ತುಂಬಿತು ತಂಗೀ. ಅಕ್ಕಿ ಡ್ರಮ್ ನಮ್ಮಲ್ಲೂ ಇದೆ.

ರಾತ್ರಿ ಹೊಡೆತದ ಸದ್ದು ಕೇಳಿದರೆ ಏನು ಮಾಡಲಿ? ನಮ್ಮ ಯಜಮಾನರು ಹೋಗಿ ಬಾಗಿಲು ಒಡೆಯುತ್ತೇನೆ ಅನ್ನುತ್ತಾರೆ.

ಮೀನುಬುಟ್ಟಿ:
ಒಡೆಯುವುದು ಬೇಡ. ಬಾಗಿಲು ಬಡಿಯಿರಿ, ಒಬ್ಬರೇ ಹೋಗಬೇಡಿ, ಇಬ್ಬರು ಹೆಂಗಸರಾದರೂ ಇರಲಿ. "ನಿಮ್ಮಲ್ಲೂ ಕರೆಂಟ್ ಹೋಗಿದೆಯಾ?" ಅಂತಲೋ "ಅಜ್ಜಿಗೆ ಎದೆನೋವು, ಝಂಡು ಬಾಮ್ ಇದ್ಯಾ?" ಅಂತಲೋ ಕೇಳಿ. ನಾವು ಹೀಗೇ ಮಾಡುವುದು. ಕೈ ಅಲ್ಲಿಗೆ ನಿಲ್ಲುತ್ತದೆ. ಹೊಡೆತದ ಮಾತು ತೆಗೆಯಬೇಡಿ. ಕತ್ತಿ ಗಿತ್ತಿ ಇದೆ ಅಂತ ಅನಿಸಿದರೆ ಬಾಗಿಲಿಗೂ ಹೋಗಬೇಡಿ, ನೇರ 112ಕ್ಕೆ ಫೋನ್ ಮಾಡಿ. ಅವಳ ಜೊತೆ ಒಂದು ಗುರುತಿನ ಮಾತು ಇಟ್ಟುಕೊಳ್ಳಿ. ಅಂಗಳದ ತಂತಿಯ ಮೇಲೆ ಕೆಂಪು ಟವೆಲ್ ಹಾಕಿದರೆ ಪೊಲೀಸರನ್ನು ಕರೆಯಿರಿ ಅಂತ ಅರ್ಥ, ಹೀಗೆ ಏನಾದರೂ. ಮಳೆಗಾಲದಲ್ಲಿ ತಂತಿಯ ಮೇಲೆ ಬಟ್ಟೆ ಇರುವುದಿಲ್ಲ ಅನ್ನಬೇಡಿ, ಜಗುಲಿಯ ಕಂಬಕ್ಕೆ ಹಾಕಲಿ.

ಕಾಲೇಜು ಹುಡುಗಿ:
ನಡುವೆ ಕೇಳುತ್ತಿದ್ದೇನೆ, ಕ್ಷಮಿಸಿ. ನನ್ನ ಗೆಳತಿಗೆ ಅವಳ ಬಾಯ್‌ಫ್ರೆಂಡ್ ಬಲವಂತ ಮಾಡಿದ್ದಾನೆ. ನಿನ್ನೆ ರಾತ್ರಿ. ಅವಳಿಗೆ 20 ವರ್ಷ. ರೂಮಿಗೆ ಬಂದು ಸ್ನಾನ ಮಾಡಿಬಿಟ್ಟಿದ್ದಾಳೆ. ಪ್ರೀತಿಸುತ್ತಿದ್ದಳಲ್ಲ, ಯಾರು ನಂಬುತ್ತಾರೆ ಅನ್ನುತ್ತಿದ್ದಾಳೆ. ಮನೆಯವರಿಗೆ ಗೊತ್ತಾದರೆ ಓದು ಬಿಡಿಸುತ್ತಾರೆ. ಪೊಲೀಸ್ ಬೇಡವೇ ಬೇಡ ಅಂತಾಳೆ.

ಕುಮಟಾ ನರ್ಸ್:
ಕ್ಷಮೆ ಯಾಕೆ ಮಗಳೇ. ಒಳ್ಳೆಯದಾಯಿತು ಕೇಳಿದ್ದು.

ಸ್ನಾನ ಮಾಡಿದ್ದರೂ ಪರವಾಗಿಲ್ಲ. ಇವತ್ತೇ ಆಸ್ಪತ್ರೆಗೆ ಹೋಗಿ. ಕಾರವಾರದಲ್ಲಿ ಇದ್ದರೆ ಮೆಡಿಕಲ್ ಕಾಲೇಜು ಆಸ್ಪತ್ರೆ, ಇಲ್ಲವಾದರೆ ಹತ್ತಿರದ ತಾಲ್ಲೂಕು ಆಸ್ಪತ್ರೆ. ಎಚ್‌ಐವಿ ತಡೆಯುವ ಮಾತ್ರೆಯನ್ನು 72 ಗಂಟೆಯೊಳಗೆ ಶುರು ಮಾಡಬೇಕು, ಬೇಗ ಆದಷ್ಟೂ ಒಳ್ಳೆಯದು, 28 ದಿನ ತಪ್ಪದೆ ತೆಗೆದುಕೊಳ್ಳಬೇಕು. ಗರ್ಭ ನಿಲ್ಲದ ಹಾಗೆ ಮಾತ್ರೆ ಇದೆ, ಅದಕ್ಕೂ ಕಾಯಬಾರದು. ಆ ಹೊತ್ತಿನ ಬಟ್ಟೆಯನ್ನು ತೊಳೆಯಬೇಡಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಬೇಡಿ, ಅದರಲ್ಲಿ ಬೆವರಿ ಹಾಳಾಗುತ್ತದೆ. ಪೇಪರಿನಲ್ಲಿ ಸುತ್ತಿಡಿ.

ಚಿಕಿತ್ಸೆ ಉಚಿತ, ಸರ್ಕಾರಿಯಾಗಲಿ ಖಾಸಗಿಯಾಗಲಿ. "ಮೊದಲು ಎಫ್‌ಐಆರ್ ತನ್ನಿ" ಅಂತ ಕಳಿಸುವ ಹಾಗಿಲ್ಲ. ಚಿಕಿತ್ಸೆ ಕೊಡದಿದ್ದರೆ ಆಸ್ಪತ್ರೆಯವರಿಗೇ ಶಿಕ್ಷೆ ಇದೆ. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಬೇಕು ಅನ್ನುವ ನಿಯಮ ಇದೆ, ಇದನ್ನು ಮುಚ್ಚಿಡುವುದಿಲ್ಲ. ಆದರೆ ದೂರು ಬೇಡ ಅಂದರೆ ಹಾಗಂತ ಬರೆದುಕೊಂಡು ಚಿಕಿತ್ಸೆ ಮುಂದುವರಿಸಬೇಕು. ತಪಾಸಣೆಗೆ ಅವಳು ಒಪ್ಪಬೇಕು. ಯಾವುದಕ್ಕೆ ಬೇಕೋ ಅದಕ್ಕೆ ಹೂಂ, ಬೇಡದ್ದಕ್ಕೆ ಉಹೂಂ ಅನ್ನಬಹುದು. ಗುಪ್ತಾಂಗಕ್ಕೆ ಬೆರಳು ಹಾಕಿ ನೋಡುವ ಎರಡು ಬೆರಳಿನ ಪರೀಕ್ಷೆ ಮಾಡುವಂತಿಲ್ಲ. ಮಾಡಿದವರು ತಪ್ಪಿತಸ್ಥರು ಅಂತ 2022ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಪ್ರೀತಿಸುತ್ತಿದ್ದಳು ಅಂದ ಮಾತ್ರಕ್ಕೆ ನಿನ್ನೆ ರಾತ್ರಿಗೂ ಒಪ್ಪಿದ್ದಳು ಅಂತ ಆಗುವುದಿಲ್ಲ. ಇದನ್ನು ಅವಳಿಗೆ ಹೇಳು. ನಿದ್ದೆ ಬರದಿದ್ದರೆ, ಸಾಯುವ ಯೋಚನೆ ಬಂದರೆ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಲಿ, ಕನ್ನಡದಲ್ಲೇ ಮಾತಾಡುತ್ತಾರೆ.

ಶಿರಸಿ ವಕೀಲೆ:
ಮುಂದೆ ಮನಸ್ಸು ಬದಲಾದರೆ ದೂರು ಯಾವ ಠಾಣೆಯಲ್ಲಾದರೂ ಕೊಡಬಹುದು. ಘಟನೆ ಗೋಕರ್ಣದಲ್ಲಿ ನಡೆದಿದ್ದರೂ ಕಾರವಾರದಲ್ಲಿ ತೆಗೆದುಕೊಳ್ಳಬೇಕು, ಝೀರೋ ಎಫ್‌ಐಆರ್ ಅನ್ನುತ್ತಾರೆ. ಹೇಳಿಕೆ ಬರೆದುಕೊಳ್ಳುವುದು ಮಹಿಳಾ ಅಧಿಕಾರಿ. ಎಫ್‌ಐಆರ್ ಪ್ರತಿ ಪುಕ್ಕಟೆ. ಅವಳ ಹೆಸರು, ಗುರುತು ಎಲ್ಲಿಯಾದರೂ ಹಾಕಿದರೆ, ವಾಟ್ಸ್‌ಆ್ಯಪ್ ಗುಂಪಿನಲ್ಲಾದರೂ ಸರಿ, ಅದು ಅಪರಾಧ. ಹುಡುಗಿಗೆ 18 ತುಂಬಿಲ್ಲದಿದ್ದರೆ ಲೆಕ್ಕ ಬೇರೆ. ಆಗ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಕಾಯ್ದೆ ಪೋಕ್ಸೊ, ಗೊತ್ತಾದವರು ತಿಳಿಸಲೇಬೇಕು. ಮಕ್ಕಳಿಗೆ 1098.

ಬಳೆಗಾರ್ತಿ:
ನಾನೂ ಒಂದು ಕೇಳಲಾ? ಅದೇ ಕೆಲಸ ಗಂಡನೇ ಮಾಡಿದರೆ? ಬೇಡ ಅಂದರೂ ಕೇಳದೆ. ಇದನ್ನು ಯಾರ ಹತ್ತಿರವೂ ಕೇಳಿರಲಿಲ್ಲ.

ಶಿರಸಿ ವಕೀಲೆ:
ಕೇಳಿದ್ದು ಒಳ್ಳೆಯದೇ ಆಯಿತು ಅಕ್ಕಾ. ಹೆಂಡತಿಗೆ 18 ತುಂಬಿದ್ದರೆ, ಒಟ್ಟಿಗೆ ಬಾಳುತ್ತಿದ್ದರೆ, ನಮ್ಮ ಕಾನೂನು ಇದನ್ನು ಅತ್ಯಾಚಾರ ಅನ್ನುವುದಿಲ್ಲ. ಹೊಸ ಸಂಹಿತೆಯಲ್ಲೂ ಆ ವಿನಾಯಿತಿ ಉಳಿಸಿದ್ದಾರೆ. ನನಗೆ ಇದು ಒಪ್ಪಿಗೆ ಇಲ್ಲ, ಅದು ಬೇರೆ ಮಾತು. ಆದರೆ ದಾರಿಯೇ ಇಲ್ಲ ಅಂದುಕೊಳ್ಳಬೇಡಿ. 2005ರ ಕಾಯ್ದೆಯಲ್ಲಿ ಲೈಂಗಿಕ ಹಿಂಸೆ ಅಂತಲೇ ಬರೆದಿದೆ, ರಕ್ಷಣಾ ಆದೇಶ ಕೇಳಬಹುದು. ಬೇರೆ ಬೇರೆ ಇರುವಾಗ ಗಂಡ ಬಂದು ಬಲವಂತ ಮಾಡಿದರೆ 2ರಿಂದ 7 ವರ್ಷ ಶಿಕ್ಷೆ ಇದೆ. ಡಿವೋರ್ಸ್ ಆಗಿರಬೇಕೆಂದಿಲ್ಲ. ಮೈಮೇಲೆ ಗಾಯವಾಗಿದ್ದರೆ ಅದಕ್ಕೆ ಬೇರೆ ಕಲಂಗಳೂ ಇವೆ. ಬೇಕಾದರೆ ನನಗೆ ಖಾಸಗಿಯಾಗಿ ಬರೆಯಿರಿ.

ಅಡಿಕೆತೋಟ:
ನಿನ್ನೆಯಿಂದ ಓದುತ್ತಿದ್ದೇನೆ. ನನಗೂ ಇಬ್ಬರು ಹೆಣ್ಣುಮಕ್ಕಳು, ಒಬ್ಬಳನ್ನು ಹೊನ್ನಾವರ ಕಡೆ ಕೊಟ್ಟಿದ್ದೇವೆ. ಆ ಹುಡುಗಿಯ ತವರಿನವರಿಗೆ ಗೊತ್ತಿದೆಯಾ? ಚಾತುರ್ಮಾಸದ ನೆಪ, ಹಬ್ಬದ ನೆಪ, ಏನಾದರೂ ಹೇಳಿ ಮಗಳನ್ನು ಕರೆಸಿಕೊಳ್ಳಬಹುದು. ಹಿರಿಯರು ಮಾತಾಡುವುದಾದರೆ ಗಂಡನ ಮನೆಯಲ್ಲಿ ಅಲ್ಲ, ಅಪ್ಪನ ಮನೆಯಲ್ಲಿ ಅವಳು ಕೂತಿರುವಾಗ ಮಾತಾಡಲಿ.

ಹೆಸರು ಬೇಡ:
ಅವಳನ್ನು ಕೇಳಿಯೇ ತವರಿಗೆ ಹೇಳಬೇಕು ಭಾವಾ. ನನ್ನ ಅಣ್ಣನಿಗೆ ಗೊತ್ತಾದಾಗ ಅವನು ಮೊದಲು ಫೋನ್ ಮಾಡಿದ್ದು ನನ್ನ ಗಂಡನಿಗೆ.

ಹೈಸ್ಕೂಲ್ ಅಕ್ಕೋರು:
ಇಷ್ಟೆಲ್ಲ ಆದ ಮೇಲೆ ಓಡಾಡುವುದಕ್ಕಿಂತ ಮೊದಲೇ ಏನಾದರೂ ಮಾಡಬಹುದಾ ಅಂತ ನಾನು ಯೋಚಿಸುವವಳು. 9ನೇ ತರಗತಿಯ ಮಕ್ಕಳಿಗೆ "ಪ್ರೀತಿ ಇದ್ದರೆ ಫೋನ್ ಪಾಸ್‌ವರ್ಡ್ ಕೊಡಬೇಕಾ?" ಅಂತ ಕೇಳಿದೆ. ಮುಕ್ಕಾಲು ಕೈ ಮೇಲೆದ್ದವು. ಹುಡುಗಿಯರ ಕೈಗಳೂ ಇದ್ದವು. ಯಾರ ಜೊತೆ ಮಾತಾಡಿದೆ, ಯಾಕೆ ಆ ಡ್ರೆಸ್, ಯಾಕೆ ತಡವಾಯಿತು, ಇಲ್ಲಿಂದಲೇ ಶುರುವಾಗುವುದಲ್ವಾ? ಅದನ್ನು ಕಾಳಜಿ ಅಂತ ತಿಳಿದುಕೊಳ್ಳುತ್ತಾರೆ. ಸ್ವಸಹಾಯ ಸಂಘದ ಸಭೆಗಳಲ್ಲಿ ಸಾಲದ ಕಂತಿನ ಮಾತು ಮುಗಿದ ಮೇಲೆ ಹತ್ತು ನಿಮಿಷ ಇದಕ್ಕೂ ಕೊಡಿ ಅಂತ ಕೇಳಿದ್ದೇನೆ. ಕೆಲವು ಸಂಘದವರು ಒಪ್ಪಿದ್ದಾರೆ, ಕೆಲವರು ನಕ್ಕಿದ್ದಾರೆ.

ಕಡಲಗಾಳಿ:
ಸುದ್ದಿ ಹೇಳುತ್ತೇನೆ. ಗಂಟಲು ನೋವು ಅಂತ ಹೇಳಿ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಸ್ಕ್ಯಾನಿಂಗ್ ಆಯಿತು, ದೊಡ್ಡ ಪೆಟ್ಟು ಇಲ್ಲವಂತೆ. ಡಾಕ್ಟರಮ್ಮ ನನ್ನನ್ನೂ ಹೊರಗೆ ಕಳಿಸಿ ಮಾತಾಡಿದರು. ಏನು ಹೇಳಿದಳೋ ನಾನು ಕೇಳಲಿಲ್ಲ. ಚೀಟಿ ನನ್ನ ಕೈಗೆ ಕೊಟ್ಟು "ನಿಮ್ಮಲ್ಲೇ ಇರಲಿ ಅಕ್ಕಾ" ಅಂದಳು. ಸದ್ಯಕ್ಕೆ ಹೊರಡುವುದಿಲ್ಲ ಅಂತಾಳೆ. ಹೆಂಗಸರ ಸಹಾಯವಾಣಿ 181 ನಂಬರನ್ನು ಫೋನಿನಲ್ಲಿ ಸೇವ್ ಮಾಡಬೇಡ, ಬಾಯಿಪಾಠ ಮಾಡು ಅಂದೆ. ನಕ್ಕಳು, ಮೂರೇ ಅಂಕಿ ಅಲ್ವಾ ಅಂತ.

ಸಿಡಿಪಿಒ ಕಚೇರಿಗೆ ಒಮ್ಮೆ ಹೋಗಿ ಬರುತ್ತೇನೆ ಅಂತ ಅವಳೇ ಕೇಳಿದಳು. ನಾಳೆ ಶನಿವಾರ ತೆರೆದಿರುತ್ತದಾ? ಆ ದಿನ ಗಂಡ ಬಲೆ ರಿಪೇರಿಗೆ ಬಂದರಿಗೆ ಹೋಗುತ್ತಾನೆ.

ಶಿರಸಿ ವಕೀಲೆ:
ನಾಳೆ ಎರಡನೇ ಶನಿವಾರ, ಸರ್ಕಾರಿ ಕಚೇರಿ ರಜೆ. ಸೋಮವಾರ ಅವನು ಮನೆಯಲ್ಲಿದ್ದರೆ ಅಂಗನವಾಡಿ ಟೀಚರ್ ಹತ್ತಿರ "ಮಗುವಿನ ತೂಕ ನೋಡಲು ಕರೆದಿದ್ದಾರೆ" ಅಂತ ಹೇಳಿ ಕಳಿಸಲು ಹೇಳಿ. ನಾಳೆಯೇ ಮಾತಾಡಬೇಕು ಅಂದರೆ ನಿಮ್ಮ ಫೋನಿನಿಂದ 181ಕ್ಕೆ ಮಾಡಲಿ, ದಿನದ 24 ಗಂಟೆಯೂ ಇರುತ್ತದೆ. ಹಿಂಸೆಗೆ ಸಿಕ್ಕ ಹೆಂಗಸರಿಗೆ ನೆರವಾಗುವ ಜಿಲ್ಲೆಯ ಸಖಿ ಕೇಂದ್ರಕ್ಕೆ ಅವರೇ ಜೋಡಿಸುತ್ತಾರೆ. ರಾತ್ರಿ ಹೊರಟು ಬರಬೇಕಾದರೆ ಅಲ್ಲಿ ಕೆಲವು ದಿನ ಇರಲು ಜಾಗವೂ ಇದೆ, ಮಕ್ಕಳನ್ನೂ ಕರೆದುಕೊಂಡು ಬರಬಹುದು, ಗಂಡುಮಗುವಾದರೆ ವಯಸ್ಸು ಎಷ್ಟು ಅಂತ ಮೊದಲೇ ಹೇಳಿ.

ಕಡಲಗಾಳಿ:
ಮಗಳು, ಇನ್ನೂ ಬಾಲವಾಡಿ. ಸೋಮವಾರ ನಾನೇ ಟೀಚರ್ ಹತ್ತಿರ ಹೋಗಿ ಹೇಳಿ ಬರುತ್ತೇನೆ.